ಧಣಿಗಳ ಒಂದನೇ ನಂಬರ್

ಕೊಡಿಯಾಲ್‌ಬೈಲಿನ ಆ ಹೋಟೆಲಿನ ಧಣಿಗಳಿಗೆ ಒಂದರ ಹುಚ್ಚು. ಕಾರಿನ ನಂಬರ್ ಒಂದು, ಪಾರ್ಕಿಂಗಿನಲ್ಲಿ ಜಾಗ ಒಂದು, ಊರಿನ ಭೂತದ ನೇಮದಲ್ಲಿ ಮೊದಲ ಗಂಧ ಪ್ರಸಾದ ಅವರ ಮನೆತನದ ಕೈಗೇ ಬೀಳಬೇಕು. ಇದಿಷ್ಟನ್ನೂ ಮೊದಲ ಭೇಟಿಯಲ್ಲೇ, ನಾನು ಕೇಳದೆಯೇ, ಚಹಾ ತಣ್ಣಗಾಗುವವರೆಗೆ ಹೇಳಿದರು. ನಾನು ಹೋದದ್ದು ಪ್ರಸಾದಕ್ಕಲ್ಲ, ಸರ್ವರ್ ಕೂರಿಸಲಿಕ್ಕೆ.

ಬುಕಿಂಗ್, ಬಿಲ್ಲು ಎಲ್ಲ ಹೊರಗಿನವರ ಕೈಯಲ್ಲಿರುವುದು ಬೇಡ, ಹೋಟೆಲಿನದ್ದೇ ಖಾಸಗಿ ಕ್ಲೌಡ್ ಬೇಕು ಎಂಬುದು ಅವರ ಹಟ. ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಎಸಿ ಹಾಕಿಸಿ, ಮೂರು ಸರ್ವರ್ ಇಟ್ಟೆ. ಇನ್ನು ಪ್ರತಿ ಯಂತ್ರಕ್ಕೂ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ನಂಬರ್, ಹಂಚಬೇಕು. ಸರ್ವರ್‌ಗಳಿಗೆ ಬೇರೆಯೇ ಸಾಲು, ಕಾಯಂ ನಂಬರ್. ಆಫೀಸಿನ ಸಾಲಿನಲ್ಲಿ ಒಂದನೇ ನಂಬರ್ ಗೇಟ್‌ವೇಗೆ, ಅಂದರೆ ಕಂಪ್ಯೂಟರ್‌ಗಳು ಸರ್ವರ್ ಕಡೆಗೂ ಹೊರಗೂ ಹೋಗಲು ದಾಟಬೇಕಾದ ಬಾಗಿಲಿಗೆ. ನೂರರಿಂದ ಇನ್ನೂರರವರೆಗಿನದ್ದು ಉಳಿದವರಿಗೆ, ಲಾಡ್ಜಿನ ರೂಮಿನ ಹಾಗೆ: ಬಂದವರಿಗೆ ಖಾಲಿ ಇದ್ದದ್ದು ತಾನಾಗಿ ಸಿಗುತ್ತದೆ, ಅವರು ಹೋದ ಮೇಲೆ ಅದು ಇನ್ನೊಬ್ಬರಿಗೆ.

"ನನ್ನ ಲ್ಯಾಪ್‌ಟಾಪಿಗೆ ಎಂತ ನಂಬರ್?" ಎಂದರು ಧಣಿಗಳು.

"ನೂರರ ಮೇಲೆ ಯಾವುದಾದ್ರೂ ಬರ್ತದೆ ಸರ್. ಬದಲಾಗ್ಲೂಬಹುದು."

"ಒಂದು ಯಾರಿಗೆ?"

"ಆ ಪೆಟ್ಟಿಗೆಗೆ."

ಅವರು ಗೇಟ್‌ವೇ ಪೆಟ್ಟಿಗೆಯನ್ನು ನೋಡಿದ ನೋಟ, ಊಟದ ಪಂಕ್ತಿಯಲ್ಲಿ ತನಗಿಂತ ಮೊದಲು ಕೂತವನನ್ನು ನೋಡುವ ಹಾಗಿತ್ತು. ಆಗಲೇ ನನಗೆ ಗೊತ್ತಾಗಬೇಕಿತ್ತು.

ಎಲ್ಲ ಓಡತೊಡಗಿದ ವಾರವೇ ಕಾಟ ಶುರು. ಬೆಳಿಗ್ಗೆ ಸರಿ ಇರುತ್ತದೆ. ಹೊತ್ತೇರಿದ ಮೇಲೆ ಬಿಲ್ಲು ಬರುವುದಿಲ್ಲ, ಬುಕಿಂಗ್ ತೆರೆಯುವುದಿಲ್ಲ. ಮಧ್ಯಾಹ್ನ ತಾನಾಗಿ ಸರಿಹೋಗಿ ಸಂಜೆ ಮತ್ತೆ ಕೆಡುತ್ತದೆ. ಮದುವೆಯ ದಿಬ್ಬಣವೊಂದು ಕೌಂಟರಿನ ಮುಂದೆ ಬ್ಯಾಗು ಹಿಡಿದು ನಿಂತ ದಿನ ಧಣಿಗಳು ತಪ್ಪಿತಸ್ಥರನ್ನು ಹುಡುಕಿದರು. ದೂರ ಹೋಗುವ ತೊಂದರೆ ತೆಗೆದುಕೊಳ್ಳಲಿಲ್ಲ. ರಿಸೆಪ್ಷನಿನ ಅಕ್ಕ ಎದುರಿಗೇ ಇದ್ದರು. ಶಕ್ತಿನಗರದಿಂದ ಬಸ್ಸಿನಲ್ಲಿ ಬರುವವರು, ಆ ಕೌಂಟರಿನಲ್ಲೇ ಕೂದಲು ನೆರೆದವರು. ಈ ತಿಂಗಳು ಮುಗಿದ ಮೇಲೆ ಬರುವುದು ಬೇಡ ಎಂದು ಧಣಿಗಳು ಅವರಿಗೆ ಹೇಳಿಬಿಟ್ಟರಂತೆ.

ನಾನು ಬಂದಾಗ ಅಕ್ಕನ ಕಣ್ಣು ಕೆಂಪಾಗಿತ್ತು. "ನಾನು ಎಂತದೂ ಮುಟ್ಟಲಿಲ್ಲ ಮೇಡಂ," ಎಂದರು.

ಪರೀಕ್ಷಿಸಿದೆ. ಒಂದನೇ ನಂಬರಿಗೆ ಎರಡು ಯಂತ್ರಗಳು ಓಗೊಡುತ್ತಿದ್ದವು. ಒಂದು ಗೇಟ್‌ವೇ. ಇನ್ನೊಂದು ಧಣಿಗಳ ಕ್ಯಾಬಿನ್ನಿನಲ್ಲಿತ್ತು.

"ಹೌದು, ನನಗೆ ಆ ನಂಬರ್ ಮಣ್ಣಗುಡ್ಡದ ಭಾವ ಬಂದು ಹಾಕಿಕೊಟ್ಟದ್ದು. ಅವರಿಗೆ ಕಂಪ್ಯೂಟರ್ ಗೊತ್ತುಂಟು," ಎಂದರು ಧಣಿಗಳು. ಮುಖದಲ್ಲಿ ಲವಲೇಶ ನಾಚಿಕೆ ಇಲ್ಲ. "ಒಂದು ನಮ್ಮದು ಮಾರಾಯ್ತಿ. ಪೆಟ್ಟಿಗೆಗೆ ಬೇರೆ ಕೊಡಿ."

ಸಿಟ್ಟು ನುಂಗಿಕೊಂಡು ವಿವರಿಸಿದೆ. ಬಾಗಿಲಿಗೆ ಹೋಗಬೇಕಾದದ್ದೆಲ್ಲ ನಿಮ್ಮ ಲ್ಯಾಪ್‌ಟಾಪಿಗೆ ಬಂದು ಅಲ್ಲೇ ಸಾಯುತ್ತಿದೆ. ನೀವು ಅದನ್ನು ತೆರೆದರೆ ಹೋಟೆಲ್ ನಿಲ್ಲುತ್ತದೆ, ಮುಚ್ಚಿ ಊಟಕ್ಕೆ ಹೋದರೆ ನಡೆಯುತ್ತದೆ.

ಧಣಿಗಳು ಸ್ವಲ್ಪ ಯೋಚಿಸಿದರು. "ಅಂದ್ರೆ ನಡೆಯುವುದು, ನಿಲ್ಲುವುದು ಎಲ್ಲ ನನ್ನಿಂದಲೇ ಅಂತಾಯ್ತು," ಎಂದು ಮೀಸೆ ಸವರಿಕೊಂಡರು.

ಇಂಥವರಿಗೆ ಬುದ್ಧಿ ಹೇಳುವುದು ನನ್ನ ಕೆಲಸವಲ್ಲ. ಗೇಟ್‌ವೇಯನ್ನು ಸಾಲಿನ ಕಟ್ಟಕಡೆಗೆ, ಇನ್ನೂರೈವತ್ತನಾಲ್ಕಕ್ಕೆ ಸರಿಸಿ, ಒಂದನ್ನು ಅವರಿಗೇ ಬಿಟ್ಟುಕೊಟ್ಟೆ. ಆ ನಂಬರಿಗೆ ಈಗ ಯಾವ ಕೆಲಸವೂ ಇಲ್ಲ, ಅದರ ಯಜಮಾನರಿಗೂ ಇಲ್ಲ. "ಅಕ್ಕನ ತಪ್ಪಲ್ಲ ಅಂತ ನೀವೇ ಅವರಿಗೆ ಹೇಳಿ, ಈಗಲೇ," ಎಂದೆ.

ಆಶ್ಚರ್ಯವೆಂದರೆ, ಎದ್ದು ಬಂದರು. ಕೌಂಟರಿನ ಮುಂದೆ ನಿಂತು, ಮಾಣಿಗಳಿಗೂ ಕೇಳುವ ಹಾಗೆ, "ಹೋಗ್ಲಿ, ಈ ಸಲ ಕ್ಷಮಿಸಿದ್ದೇನೆ, ಮುಂದಿನ ತಿಂಗಳೂ ಬನ್ನಿ. ಇನ್ನು ಜಾಗ್ರತೆ," ಎಂದರು.

ಅಕ್ಕ ಕೈ ಮುಗಿದರು. ನನ್ನ ಮೈ ಉರಿಯಿತು. "ಕ್ಷಮಿಸ್ಲಿಕ್ಕೆ ಅವರು ಎಂತ ಮಾಡಿದ್ದಾರೆ? ಮಾಡಿದ್ದು ನೀವು..." ಎಂದು ಬಾಯಿ ತೆರೆದಿದ್ದೆ.

ಕೌಂಟರಿನ ಮರೆಯಲ್ಲಿ ಅಕ್ಕ ನನ್ನ ಕೈಯನ್ನು ನೋಯುವ ಹಾಗೆ ಹಿಡಿದರು. "ಬಿಡಿ ಮೇಡಂ," ಎಂದು ಪಿಸುಗುಟ್ಟಿದರು. "ಕೆಲಸ ಉಂಟಲ್ಲ."