ಮೆಲುದನಿ ಬಂದರೆ ಪುಸ್ತಕ ಮುಚ್ಚಬೇಕು

ಓದುವ ಎಲ್ಲರಿಗೂ ನಮಸ್ಕಾರ. ನಾನು ಶಾಲೆ ಕಲಿತದ್ದು ತಡವಾಗಿ, ಟೈಪು ಮಾಡುವುದು ಒಂದೇ ಬೆರಳಿನಿಂದ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಪ್ಪತ್ತರ ದಶಕದ ಕೊನೆ. ತಂದೆಯ ತಮ್ಮ, ನಮ್ಮ ಕಾಕಾ, ಬಸವಕಲ್ಯಾಣದಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿದ್ದರು. ನಾನು ಅಲ್ಲೇ ಕೆಲಸಕ್ಕಿದ್ದೆ. ವಯಸ್ಸು ಇಪ್ಪತ್ತಾರು, ಮದುವೆಯೂ ಆಗಿತ್ತು. ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟಿದ್ದೆ. ಎರಡು ಸಲ ಗಣಿತ ಹೋಗಿತ್ತು. ಮೂರನೆಯ ಸಲವೂ ಹೋದರೆ ಆ ಸೆಟ್ಟಿನ ಮುಂದೆಯೇ ಮುದುಕನಾಗುತ್ತೇನೆ ಎಂಬ ಹೆದರಿಕೆ. ಪರೀಕ್ಷೆ ಬರುವುದು ಮದುವೆಗಳ ಕಾಲದಲ್ಲೇ. ಬೆಳಗಿನಿಂದ ಹಂದರದ ಮೂಲೆಯಲ್ಲಿ ಕೂತಿರಬೇಕು. ಮೂರು ಮೂರು ನಿಮಿಷದ ಹಾಡು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ರೆಕಾರ್ಡನ್ನು ಒರೆಸಿ ಇಟ್ಟುಕೊಳ್ಳಬೇಕು. ಒಂದು ಲೆಕ್ಕ ಬಿಡಿಸಲು ನನಗೆ ಮೂರು ನಿಮಿಷ ಸಾಲುತ್ತಿರಲಿಲ್ಲ.

ಕಾಕಾ ಹೈದರಾಬಾದಿನಿಂದ ತಂದ ಹಳೆಯ ರೆಕಾರ್ಡುಗಳ ಜೊತೆ ಒಂದು ದೊಡ್ಡದು ಬಂದಿತ್ತು. ಮುಂಬಯಿಯ ಒಬ್ಬ ಹುಡುಗಿಯ ರಾಕ್ ಹಾಡುಗಳು. ಡ್ರಮ್ಮು, ಗಿಟಾರು, ಕಿರುಚಾಟ. ಎರಡನೆಯ ಬದಿಯಲ್ಲಿ ಒಂದೇ ಹಾಡು, ಇಪ್ಪತ್ತು ನಿಮಿಷ. ಅದನ್ನು ಹಚ್ಚಿದರೆ ಅಷ್ಟು ಹೊತ್ತು ಕೂತು ಓದಬಹುದಿತ್ತು. ಕೊನೆಯಲ್ಲಿ ಮಾತ್ರ ವಾದ್ಯಗಳು ನಿಂತು ಆಕೆ ಮೆಲ್ಲಗೆ ಹಾಡುತ್ತಿದ್ದಳು. ಆ ದನಿ ಬಂತೆಂದರೆ ಹಾಡು ಮುಗಿಯಿತೆಂದು ನಾನು ಪುಸ್ತಕ ಮುಚ್ಚುತ್ತಿದ್ದೆ.

"ಏ ಮೈಕಿನವಾ, ಯಾರಿಗೋ ಹೊಟ್ಟಿ ಬ್ಯಾನಿ ಎದ್ದಂಗ ಅದಲ್ಲೋ" ಎಂದು ಆ ಕಿರುಚಾಟ ಕೇಳಿ ಊಟ ಬಡಿಸುವವರು ನಗುತ್ತಿದ್ದರು.

"ಹೊಸಾ ಫ್ಯಾಶನ್ ಅದರಿ ಮಾಮಾ" ಎಂದು ತಲೆ ಎತ್ತದೆ ಹೇಳುತ್ತಿದ್ದೆ.

ಒಂದು ಮದುವೆಯಲ್ಲಿ, ಮದುಮಗ ಹಣಮಂದೇವರ ಗುಡಿಗೆ ಹೋದ ಬಿಡುವಿನಲ್ಲಿ ಅದನ್ನು ಹಚ್ಚಿದೆ. ಅವನು ಮರಳಿ ಬಂದದ್ದು, ಅಂತರಪಟ ಹಿಡಿದದ್ದು, ಭಟ್ಟರು ಮಂಗಳಾಷ್ಟಕ ಶುರು ಮಾಡಿದ್ದು, ಯಾವುದೂ ನನಗೆ ತಿಳಿಯಲಿಲ್ಲ. ತಲೆ ಎತ್ತಿದಾಗ ಡ್ರಮ್ಮಿನ ಅಬ್ಬರದಲ್ಲೇ ಅಕ್ಷತೆ ಬೀಳುತ್ತಿತ್ತು.

"ಮಂತ್ರ ಹೇಳಾಕ ಈಕೀನ್ನ ಕರಸೀರೇನು?" ಎಂದು ಮದುಮಗಳ ತಂದೆ ಕಾಕಾನನ್ನು ಎಲ್ಲರ ಮುಂದೆ ಕೇಳಿದರು.

ಅಂಗಡಿಗೆ ಬಂದ ಮೇಲೆ ಕಾಕಾ ರೆಕಾರ್ಡಿನ ಕವರು ತಿರುಗಿಸಿ ನೋಡಿದರು. ಹಿಂದಿನ ಬಿಳಿ ಜಾಗದ ತುಂಬ ನನ್ನ ಪೆನ್ಸಿಲ್ ಲೆಕ್ಕ.

"ಇದಕ್ಕ ಹಚ್ಚತಿದ್ದಿ?"

"ಹೌದ್ರಿ ಕಾಕಾ."

"ಪಾಸಾದ್ರ ಬಿಟ್ಟು ಹೋಗ್ತಿ."

ಅವರು ರೆಕಾರ್ಡನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು.

ಪರೀಕ್ಷೆಗೆ ಹತ್ತು ದಿನ ಇರುವಾಗ ಹುಮನಾಬಾದಿನಲ್ಲಿ ಮದುವೆ. ಪಂಕ್ತಿ ಕೂತಾಗ ಕಾಕಾ ಚೀಲದಿಂದ ಅದನ್ನು ತೆಗೆದು ತಾವೇ ಹಚ್ಚಿದರು.

"ಇದು ಮುಗಿಯೋತನ ಓದು. ಆಮ್ಯಾಲ ಸೆಟ್ ನಿಂದು. ರಜಾ ಗಿಜಾ ಕೇಳಬ್ಯಾಡ."

ಅವರು ಕೊಟ್ಟದ್ದು ಅಷ್ಟೇ, ಮದುವೆಗೆ ಒಂದು ಬದಿ. ಗಣಿತದಲ್ಲಿ ಹೇಗೋ ದಾಟಿದೆ. ಆದರೂ ಕಚೇರಿಯಲ್ಲಿ ಕೆಲಸ ಸಿಗುವ ತನಕ ಇನ್ನೂ ನಾಲ್ಕು ವರ್ಷ ಅದೇ ಮೂಲೆ.

ಆ ಹುಡುಗಿ ಮುಂದೆ ಪ್ರೇಮಗೀತೆಗಳಿಗೆ ದೊಡ್ಡ ಹೆಸರಾದಳು. ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಗಳಲ್ಲಿ ಅದೇ ಮೆಲುದನಿ. ಜನ ನಿಂತು ಕೇಳುತ್ತಿದ್ದರು. ನಾನು ಮಾತ್ರ ಓದುವ ಹೊತ್ತು ಮುಗಿಯಿತೆನ್ನಿಸಿ ಬೇಗ ಬೇಗ ದಾಟುತ್ತಿದ್ದೆ. ರಾಕ್ ರೆಕಾರ್ಡನ್ನು ಯಾರೂ ನೆನೆಯಲಿಲ್ಲ.

ಕಾಕಾ ತೀರಿದ ಮೇಲೆ ಅದು ನನ್ನ ಕೈಗೆ ಬಂತು. ಹೋದ ಭಾನುವಾರ ಮೊದಲ ಸಲ ಪುಸ್ತಕವಿಲ್ಲದೆ ಎರಡನೆಯ ಬದಿ ಕೇಳಿದೆ. ಗಿಟಾರು ಬಹಳ ಚೆನ್ನಾಗಿದೆ. ನಡುವೆ ಒಮ್ಮೆ ಡ್ರಮ್ಮಿನವನು ತಾಳ ತಪ್ಪಿ ಮತ್ತೆ ಹಿಡಿಯುತ್ತಾನೆ. ಇದ್ಯಾವುದೂ ಆಗ ಕೇಳಿಸಿರಲಿಲ್ಲ. ಕೊನೆಗೆ ಆ ಮೆಲುದನಿ ಬಂತು. ಮುಚ್ಚಲು ಪುಸ್ತಕವಿರಲಿಲ್ಲ, ಆದರೂ ನಾನು ಮುಂದಿನ ರೆಕಾರ್ಡು ಹಚ್ಚುವವನಂತೆ ಎದ್ದು ಸೆಟ್ಟಿನ ಹತ್ತಿರ ನಿಂತಿದ್ದೆ.

ನಿಮಗೂ ಹೀಗೆ ಯಾವುದಾದರೂ ಹಾಡು ಹಾಡಾಗಿ ಕೇಳಿಸದೆ ಉಳಿದಿದೆಯೇ? ಇದ್ದರೆ ದಯವಿಟ್ಟು ಬರೆಯಿರಿ.