ಒಂದೂವರೆಯಿಂದ ಮೂರು: ತಾಯಿ, ತೋಟದಲ್ಲಿ

2003ರ ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಐದೂವರೆ. ಲೀಡ್ಸ್‌ನ ನಮ್ಮ ಅಡುಗೆಮನೆಯಲ್ಲಿ ಹಾಜರಿದ್ದವರು ಮೂವರು: ನಾನು, ನನ್ನ ಗಂಡ, ಆ ದಿನ ಮದುಮಗಳಾಗಬೇಕಿದ್ದ ನಮ್ಮ ಒಬ್ಬಳೇ ಮಗಳು. ಪಲಾವಿಗೆ ಅಕ್ಕಿ ನೆನೆದಿತ್ತು. ಯಾವ ಹೊತ್ತಿಗೆ ಯಾರು ಎಲ್ಲಿ ಏನು ಮಾಡಬೇಕೆಂಬ ದಿನದ ರೋಟಾ ಫ್ರಿಜ್ಜಿನ ಬಾಗಿಲ ಮೇಲಿತ್ತು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳಿಗೆ ರೋಟಾ ಇಲ್ಲದೆ ಮದುವೆ ಮಾಡಲು ಬರುವುದಿಲ್ಲ.

ಮಗಳು ಹಲ್ಲುಜ್ಜುತ್ತಲೇ ಅದನ್ನು ಓದಿದಳು. ಒಂದು ಸಾಲಿಗೆ ಬಂದು ಬ್ರಷ್ ನಿಂತಿತು. "1.30ರಿಂದ 3: ಎಲ್ಲರೂ ಟೆಂಪಲ್ ಒಳಗೆ. ತಾಯಿ, ತೋಟದಲ್ಲಿ."

"ಮಮ್ಮಿ, ಇದನ್ನ ಚರ್ಚ್ ಹಾಲ್‌ಗೂ ಹಚ್ತೀಯಾ?"

"ಹಚ್ಚಿ ಬಂದೇನಿ. ನಿನ್ನೆ ಸಂಜಿನ."

"ಓ ಮೈ ಗಾಶ್," ಎಂದಳು. ನಮ್ಮವರು ದೇವರ ಹೆಸರನ್ನು ಸುಮ್ಮಸುಮ್ಮನೆ ಬಳಸುವುದಿಲ್ಲ, 'ಗಾಡ್' ಬದಲು 'ಗಾಶ್' ಅನ್ನುತ್ತೇವೆ. ಸಿಟ್ಟಿನಲ್ಲೂ ಅವಳು ಅದನ್ನು ಮರೆಯಲಿಲ್ಲ.

ನಾವು ಕ್ರೈಸ್ತರಲ್ಲೇ ಒಂದು ಪಂಗಡವಾದ ಮಾರ್ಮನ್ ಮತದವರು. ಧಾರವಾಡದ ಮಿಷನ್ ಬೋರ್ಡಿಂಗಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಪ್ರಾರ್ಥಿಸಿ ಬೆಳೆದ ನನಗೆ, ಈ ದೇಶಕ್ಕೆ ಬಂದ ಮೇಲೆ ಈ ಮತ ಹಿಡಿಸಿದ್ದೇ ಅದರ ಶಿಸ್ತಿನಿಂದ. ಟೀ ಇಲ್ಲ, ಕಾಫಿ ಇಲ್ಲ. ಸೋಮವಾರ ಸಂಜೆ ಮನೆಮಂದಿಗೆ ಮೀಸಲು. ತಿಂಗಳ ಮೊದಲ ಭಾನುವಾರ ಉಪವಾಸ. ಮದುವೆಗೂ ಎರಡು ಹಂತ. ಕಾನೂನಿನ ಮದುವೆ ಊರಿನ ಚರ್ಚಿನಲ್ಲಿ, ಎಲ್ಲರೆದುರು. ಆಮೇಲೆ ಟೆಂಪಲ್‌ನಲ್ಲಿ, ಸಾವಿನಾಚೆಗೂ ಗಂಡಹೆಂಡತಿಯಾಗಿರುವಂತೆ ಕಟ್ಟುವ ವಿಧಿ. ಅದನ್ನು ನೋಡಲು ಬಿಷಪ್ಪರ ಸಹಿಯಿರುವ ಚೀಟಿ ಬೇಕು. ಹೆತ್ತ ತಾಯಿಗೂ ಬೇಕು.

ನನ್ನ ಮನಸ್ಸು ಹೆಂಗಸರ ಕಡೆ ಹೋಗುತ್ತದೆ ಎಂಬುದು ನರ್ಸಿಂಗ್ ಹಾಸ್ಟೆಲಿನ ದಿನಗಳಿಂದಲೂ ನನಗೆ ಗೊತ್ತಿತ್ತು. ಒಳ್ಳೆಯ ಮನುಷ್ಯರೊಬ್ಬರು ಕೇಳಿದರು, ಮದುವೆಯಾದೆ. 1998ರಲ್ಲಿ ಅದನ್ನೂ, ಒಬ್ಬಾಕೆಯ ಮೇಲೆ ಮನಸ್ಸಾಗಿದೆ ಎಂಬುದನ್ನೂ ಅವರಿಗೆ ಹೇಳಿದೆ. ಅವರು ಟಿವಿ ಆರಿಸಿದರು.

"ಮನಿ ಬಿಟ್ಟು ಹೋಗಾಕಿ ಏನ?"

"ಇಲ್ಲರೀ."

"ಹಂಗಾರ ಊಟಕ್ಕ ಬಡಿಸು."

ನಾಲ್ಕನೆಯ ದಿನ, ಆ ಹೆಂಗಸು ಯಾರು ಎಂದು ಕೇಳಿದರು. ನನ್ನ ಜೊತೆ ಕೆಲಸ ಮಾಡಿದ್ದ, ಎಕ್ಸ್-ರೇ ತೆಗೆಯುವ ರೇಡಿಯೋಗ್ರಾಫರ್, ಈಗ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿದ್ದಾಳೆ ಎಂದೆ. ಮದುವೆಯ ಮಾತು ಮುರಿದಿಲ್ಲ, ಮುರಿಯುವುದೂ ಇಲ್ಲ. ಆದರೆ ಅವಳನ್ನು ಪ್ರೀತಿಸುತ್ತೇನೆ, ನೋಡದೆ ಇರಲಾರೆ ಎಂದೆ. ಅಂದಿನಿಂದ ಪ್ರತಿ ಗುರುವಾರ ಒಂಬತ್ತರ ರೈಲಿಗೆ ಹೋಗಿ ನಾಲ್ಕೂಕಾಲರ ರೈಲಿಗೆ ಮರಳುತ್ತಿದ್ದೆ. ನಡೆಯುತ್ತಿದ್ದೆವು, ಉಣ್ಣುತ್ತಿದ್ದೆವು, ಅವಳ ಕಿಟಕಿಯ ಬಳಿ ಕೈ ಹಿಡಿದು ಕೂರುತ್ತಿದ್ದೆವು. ಅಷ್ಟೇ. ಅಷ್ಟೂ ನನ್ನದು.

ಮದುವೆಗೆ ತಿಂಗಳಿರುವಾಗ ಚೀಟಿಗಾಗಿ ಬಿಷಪ್ಪರ ಮುಂದೆ ಕುಳಿತೆ. ನಮ್ಮಲ್ಲಿ ಬಿಷಪ್ ಸಂಬಳದ ಪಾದ್ರಿಯಲ್ಲ. ಇವರು ವಾರವೆಲ್ಲ ಜನರ ಮನೆಗಳಿಗೆ ಅಡುಗೆಮನೆ ಜೋಡಿಸಿ ಕೊಡುವವರು. ಪ್ರಶ್ನೆಗಳು ಎಂದಿನವೇ. ಎಲ್ಲ ವ್ಯವಹಾರದಲ್ಲಿ ಪ್ರಾಮಾಣಿಕಳೇ ಎಂದು ಕೇಳಿದಾಗ, ಹೌದು ಎನ್ನುವ ಮೊದಲು ಪ್ರಾಮಾಣಿಕಳಾಗಬೇಕು ಎನಿಸಿತು. ಎಲ್ಲವನ್ನೂ ಹೇಳಿದೆ.

ಅವರು ಪೆನ್ನಿನ ಮುಚ್ಚಳ ತೆಗೆದರು. "ಸಿಸ್ಟರ್, ನಿಮಗೆ ಏನನ್ನಿಸುತ್ತೆ ಅನ್ನೋದು ತಪ್ಪಲ್ಲ. ಆದರೆ ಗುರುವಾರ ನಿಲ್ಲಿಸಿ. ಇವತ್ತೇ ಸಹಿ ಹಾಕ್ತೀನಿ."

"ನಿಲ್ಲಿಸಲ್ಲ."

"ಮಗಳ ಮದುವೆ, ಸಿಸ್ಟರ್."

"ಗೊತ್ತು. ಪಲಾವ್ ಮಾಡೋಳು ನಾನೇ."

ಪೆನ್ನಿಗೆ ಮುಚ್ಚಳ ಹಾಕಿದರು. ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ ಒಂದು ದಾರಿ ತೋರಿಸಿದರು: ಒಳಗೆ ಬರುವವರ ಚಿಕ್ಕ ಮಕ್ಕಳನ್ನು ಹೊರಗೆ ಯಾರಾದರೂ ನೋಡಿಕೊಳ್ಳಬೇಕಲ್ಲ, ಆ ಕೆಲಸ ನಿಮ್ಮದು ಎಂದು ಜನ ತಿಳಿದುಕೊಳ್ಳಲಿ, ಯಾರೂ ಏನೂ ಕೇಳುವುದಿಲ್ಲ. ಚೀಟಿ ಸಿಗದವರಿಗೆಲ್ಲ ಇರುವ ಮರ್ಯಾದೆಯ ನೆಪ ಅದು. ಎಷ್ಟೋ ಜನ ಅದರ ಹಿಂದೆ ನಿಂತದ್ದನ್ನು ನಾನೇ ನೋಡಿದ್ದೆ. ಬೇಡ ಎಂದೆ.

ಮನೆಯಲ್ಲಿ ಮಗಳು ಅತ್ತಳು. "ಜಸ್ಟ್ ಸೇ ನಿಲ್ಲಿಸಿದೀನಿ ಅಂತ! ಮದುವೆ ಆದ್ಮೇಲೆ ಹೋಗು, ಹೂ ಕೇರ್ಸ್?"

"ಸುಳ್ಳು ಹೇಳಿ ದೇವರ ಮನಿಯೊಳಗ ಕುಂದರಲೇನು?"

"ನಂಗೆ ನೀನು ಅಲ್ಲಿರಬೇಕು ಅಷ್ಟೇ. ಎಲ್ಲರೂ ಕೇಳ್ತಾರೆ ಮಮ್ಮಿ. ನಾನೇನ್ ಹೇಳ್ಲಿ?"

ಅವಳು ನನ್ನ ಬಗ್ಗೆ ನಾಚಿಕೊಂಡೇ ಮದುವೆಯಾಗುತ್ತಾಳೆ ಎಂಬ ಹೆದರಿಕೆ ಆ ತಿಂಗಳು ಪೂರ್ತಿ ನನ್ನ ಜೊತೆ ಎದ್ದು ನನ್ನ ಜೊತೆ ಮಲಗಿತು. ಆದರೂ ರೋಟಾ ಬರೆಯುವಾಗ ಆ ಸಾಲನ್ನು ಇದ್ದಂತೆಯೇ ಬರೆದೆ.

ಹತ್ತಕ್ಕೆ ಚರ್ಚಿನಲ್ಲಿ ಮದುವೆ, ಹನ್ನೊಂದಕ್ಕೆ ಊಟ. ವರನ ಸೋದರತ್ತೆ ತಟ್ಟೆ ಹಿಡಿದು ಬಂದರು. "ರೋಟಾ ನೋಡಿದೆ. ಪಾಪ, ಮಕ್ಕಳನ್ನ ನಿಮ್ಮ ತಲೆಗೆ ಕಟ್ಟಿದ್ದಾರೆ, ಅಲ್ವಾ?"

"ಇಲ್ಲ. ನನಗೆ ಚೀಟಿ ಕೊಟ್ಟಿಲ್ಲ. ನಾನು ಪ್ರೀತಿಸೋ ಒಬ್ಬ ಹೆಂಗಸನ್ನ ಬಿಡು ಅಂದ್ರು, ಬಿಡಲ್ಲ ಅಂದೆ."

ಆಕೆ ಬಾಯಲ್ಲಿದ್ದ ತುತ್ತು ನುಂಗಿದರು. "ಸರಿ," ಎಂದರು. "ಈ ಅನ್ನ ಇನ್ನೂ ಇದೆಯಾ?"

ಇತ್ತು. ಬಡಿಸಿದೆ. ಎದುರಿನ ಮೇಜಿನಿಂದ ಮಗಳು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಲ್ಯಾಂಕಶೈರಿನ ಟೆಂಪಲ್ ತಲುಪಿದಾಗ ಒಂದೂ ಇಪ್ಪತ್ತು. ಗಂಡ ಬಾಗಿಲ ಮುಂದೆ ಹಿಂದೇಟು ಹಾಕಿದರು. "ನಾನೂ ಹೊರಗ ನಿಲ್ಲಲೇನ?"

"ಯಾಕ? ನಿಮಗ ಚೀಟಿ ಐತಿ. ಹೋಗಿ ನೋಡ್ರಿ. ಬಂದು ನಂಗ ಹ್ಯಾಂಡೋವರ್ ಕೊಡ್ರಿ, ಮೊದಲಿನಿಂದ ಕಡೀತನಕ."

ವಾರ್ಡಿನಲ್ಲಿ ಒಂದು ಪಾಳಿ ಮುಗಿಸಿದವರು ಮುಂದಿನವರಿಗೆ ರೋಗಿಯ ಸ್ಥಿತಿಯನ್ನು ಒಂದೂ ಬಿಡದೆ ಒಪ್ಪಿಸುವುದು ಹ್ಯಾಂಡೋವರ್. ಮೂವತ್ತು ವರ್ಷ ನನ್ನೊಡನೆ ಬಾಳಿದವರಿಗೆ ಅದರ ಕ್ರಮ ಗೊತ್ತಿತ್ತು.

ಮಗಳು ನನ್ನ ಕಡೆ ತಿರುಗಲಿಲ್ಲ. ಬಿಳಿ ಉಡುಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದಳು. ನಾನು ತೋಟದ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ಪ್ರಾರ್ಥಿಸಿದೆ. ಬಾಗಿಲು ಮುಚ್ಚಿದ್ದು ನನಗೆ. ನನ್ನ ದೇವರು ಒಳಗೂ ಇದ್ದ, ಬೆಂಚಿನಲ್ಲೂ ಇದ್ದ. ಇದನ್ನು ನಾನು ಆ ದಿನ ಕಲಿತದ್ದಲ್ಲ. ಮೊದಲೇ ಗೊತ್ತಿತ್ತು, ಆ ದಿನ ಹಟ ಹಿಡಿದು ಕುಳಿತು ಅದನ್ನೇ ನಂಬಿದೆ.

ಮೂರಕ್ಕೆ ಐದು ನಿಮಿಷವಿರುವಾಗ ಗಂಡ ಬಂದರು. ಕೂರಲಿಲ್ಲ, ಹ್ಯಾಂಡೋವರ್ ನಿಂತೇ ಕೊಡಬೇಕು.

"ಒಳಗ ಹೋದ್ವಿ. ಒಬ್ಬಾಕಿ ನಮ್ಮನ್ನ ಕುಂದರಿಸಿದಳು. 'ತಾಯಿ ಹೊರಗ ಮಕ್ಕಳನ್ನ ನೋಡ್ಕೋತಾ ಇದ್ದಾರಾ' ಅಂತ ಕೇಳಿದಳು. ನಾ ಹೂಂ ಅನ್ನಾಕ ಬಾಯಿ ತಗದೆ."

"ರೀ!"

"ಮುಂದ ಕೇಳು. ನಾ ಅನ್ನೂದರೊಳಗ ಇಕಿ ಅಂದಳು, 'ಇಲ್ಲ. ನಮ್ಮ ಮಮ್ಮಿಗೆ ಚೀಟಿ ಇಲ್ಲ. ತೋಟದಾಗ ಅದಾಳ.' ಜೋರಾಗೇ ಅಂದಳು. ಎಲ್ಲಾರೂ ಕೇಳಿದ್ರು."

ಆಮೇಲೆ ವಿಧಿಯನ್ನು ವಿವರಿಸಿದರು. ಅವಳು ಎರಡು ಸಲ ಅತ್ತಳಂತೆ, ಅಳಿಯ ಮೂರು ಸಲ. ಅದನ್ನು ಇನ್ನೊಮ್ಮೆ ಹೇಳಿಸಿದೆ. ಮಗಳು ಹೊರಬಂದವಳೇ ಫೋಟೋದವರನ್ನು ಮೆಟ್ಟಿಲ ಬಳಿಯೇ ಬಿಟ್ಟು ಬೆಂಚಿಗೆ ಬಂದಳು. "ಮೂವ್ ಅಪ್, ಮಮ್ಮಿ," ಎಂದು ಪಕ್ಕದಲ್ಲಿ ಕುಳಿತಳು. ನಾಲ್ಕು ನಿಮಿಷ ಕುಳಿತಳು. ರೋಟಾದಲ್ಲಿ ಅದು ಇರಲಿಲ್ಲ.

ದಂಪತಿ ಅಲ್ಲಿಂದಲೇ ಪ್ರವಾಸ ಹೊರಟರು. ನಾವು ಐದಕ್ಕೆ ಹಾಲ್‌ಗೆ ಮರಳಿದಾಗ, ರೋಟಾದಲ್ಲಿ ಬರೆದಿದ್ದಂತೆ, ಡಿಡ್ಸ್‌ಬರಿಯ ನನ್ನ ಗೆಳತಿ ಪಲಾವಿನ ಪಾತ್ರೆಗೆ ಮೊಣಕೈವರೆಗೆ ಕೈ ಹಾಕಿ ತಿಕ್ಕುತ್ತಿದ್ದಳು. ಬಿಷಪ್ಪರು ತಟ್ಟೆಗಳನ್ನು ಎತ್ತಿಕೊಂಡು ಒಳಬಂದು ತಡವರಿಸಿದರು.

"ಓ. ಗುರುವಾರ ಅಂದ್ರೆ ನೀವೇನಾ?"

"ಉಳಿದ ಆರು ದಿನವೂ ನಾನೇ," ಎಂದಳು ಅವಳು. "ಒರೆಸ್ತೀರಾ, ಸುಮ್ನೆ ನಿಲ್ತೀರಾ?"

ಒರೆಸಿದರು. ಒಂದು ಕಪಾಟಿನ ಬಾಗಿಲು ಸಡಿಲವಾಗಿದ್ದದ್ದನ್ನೂ ಬಿಗಿ ಮಾಡಿದರು. ಸಹಿ ಮಾತ್ರ ಆ ವರ್ಷವೂ ಹಾಕಲಿಲ್ಲ, ಮುಂದಿನ ವರ್ಷವೂ ಹಾಕಲಿಲ್ಲ. ನಾನು ಒಂದೂ ಭಾನುವಾರ ತಪ್ಪಿಸಲಿಲ್ಲ, ಒಂದೂ ಗುರುವಾರ ತಪ್ಪಿಸಲಿಲ್ಲ.

ನೆಲ ಒರೆಸಿದ್ದು ನನ್ನ ಗಂಡ. ಒದ್ದೆ ಟವೆಲುಗಳನ್ನು ಹರವಿದೆ. ಹಾಲ್ ಬಾಗಿಲ ಮೇಲಿನ ರೋಟಾದಲ್ಲಿ ಒಂದೊಂದೇ ಸಾಲಿಗೆ ಟಿಕ್ ಹಾಕಿದೆ, ತೋಟದ ಸಾಲಿಗೂ. ದೀಪ ಆರಿಸಿ ಬೀಗ ಹಾಕಿದೆ. ಆರೂ ನಲವತ್ತು.