ಚಳಿಯಲ್ಲಿ ಗಟ್ಟಿಯಾದ ತೆಳಿ

ನವೆಂಬರ್ ಇಪ್ಪತ್ತಮೂರು, ಆದಿತ್ಯವಾರ, ಬೆಳಿಗ್ಗೆ ಒಂಬತ್ತೂ ಹತ್ತು. ಫ್ರಿಜ್ಜಿನಲ್ಲಿ ಮೂರು ಬಾಟಲಿ ಇಟ್ಟು ಬಂದು ಇದನ್ನು ಬರೆಯಲು ಕೂತಿದ್ದೇನೆ. ಇನ್ನು ಎರಡು ಗಂಟೆ ಹೊತ್ತು ಅವನ್ನು ಮುಟ್ಟುವ ಹಾಗಿಲ್ಲ.

ಬಾಟಲಿಗಳಲ್ಲಿರುವುದು ತೆಳಿ, ಅಂದರೆ ಕುಚ್ಚಲಕ್ಕಿ ಗಂಜಿ ಬೆಂದ ಮೇಲೆ ಬಸಿದು ತೆಗೆದ ನೀರು. ಅದಕ್ಕೆ ಸ್ವಲ್ಪ ಉಪ್ಪು, ಸ್ವಲ್ಪ ಬೆಲ್ಲ. ನಾನು ಮ್ಯಾರಥಾನ್ ಓಡುವುದು ಇದನ್ನು ಕುಡಿದು. ಓಡುವಾಗ ಶಕ್ತಿಗೆಂದು ನುಂಗುವ, ಅಂಗಡಿಯಲ್ಲಿ ಸಿಗುವ ಪೊಟ್ಟಣದ ಜೆಲ್ಲು ನನ್ನ ಹೊಟ್ಟೆಗೆ ಆಗುವುದಿಲ್ಲ. ಇಪ್ಪತ್ತೈದು ಕಿಲೋಮೀಟರ್ ದಾಟಿದ ಮೇಲೆ ವಾಂತಿಯಾಗುತ್ತದೆ. ನಾಲ್ಕು ಬಗೆಯ ಜೆಲ್ಲು ತಂದು ನೋಡಿದ್ದೇನೆ, ನಾಲ್ಕೂ ಒಂದೇ.

"ತೆಳಿಯನ್ನು ಫ್ರಿಜ್ಜಲ್ಲಿ ಇಡುವವರನ್ನು ನಾನು ಈ ಭೂಮಿ ಮೇಲೆ ನೋಡ್ಲಿಲ್ಲ," ಎಂದು ಅಮ್ಮ ಬೆಳಿಗ್ಗೆಯಿಂದ ಹೇಳುತ್ತಿದ್ದಾಳೆ. "ಬಂಗುಡೆ ಮೀನನ್ನು ಎಲ್ಲಿ ಇಡ್ಲಿ ನಾನು? ನಿನ್ನ ತಲೆ ಮೇಲಾ?"

ಅವಳು ಹೇಳುವುದು ಸರಿ. ನಮ್ಮ ಕಡೆ ತೆಳಿಯನ್ನು ಕುಡಿಯುತ್ತಾರೆ, ಕಾಟನ್ ಸೀರೆಗೆ ಹಾಕುತ್ತಾರೆ, ಉಳಿದದ್ದು ಹಸುವಿಗೆ. ಅದನ್ನು ತಣ್ಣಗೆ ಮಾಡಿ ಏನಾಗುತ್ತದೆಂದು ನೋಡಿದವರಿಲ್ಲ. ನಾನೂ ನೋಡಿರಲಿಲ್ಲ. ಹಾಗೆ ನೋಡದೆ ಇದ್ದದ್ದರಿಂದ ದೇಶದ ತಂಡದಲ್ಲಿ ನನಗೆ ಸಿಗಬೇಕಾಗಿದ್ದ ಜಾಗ ತಪ್ಪಿತು.

ನಾನು ಗಡಿನಾಡಿನ ಸೀತಾಂಗೋಳಿ ಪೇಟೆಯಿಂದ ಸ್ವಲ್ಪ ಒಳಗೆ ಇರುವವಳು. ಕನ್ನಡ ಮಾಧ್ಯಮದ ಒಂದು ಶಾಲೆಯಲ್ಲಿ ದಿನಗೂಲಿ ಟೀಚರ್. ಹತ್ತನೆಯ ಕ್ಲಾಸಿನಿಂದ ಪ್ರತಿ ದಿನದ ಓಟವನ್ನು ಬರೆದಿಡುತ್ತ ಬಂದಿದ್ದೇನೆ: ತಾರೀಕು, ದೂರ, ಹೊತ್ತು, ಸೆಕೆ ಎಷ್ಟು, ಕುಡಿದದ್ದು ಏನು. ಇನ್ನೊಂದು ಕಾಲಮ್ಮು ಉಂಟು, ಜೊತೆಗೆ ಓಡಿದವರು ಯಾರು ಎಂದು. ಅದರಲ್ಲಿ ಈಚೆಗೆ ಎಲ್ಲ ಕಡೆ ಗೆರೆ ಮಾತ್ರ. ನನ್ನ ವೇಗದಲ್ಲಿ ಓಡುವ ಹೆಂಗಸರು ಸುತ್ತಮುತ್ತ ಇಲ್ಲ. ಗಂಡಸರಲ್ಲಿ ಇದ್ದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋದರು.

ತರಬೇತಿ ಕೊಡುವವರು ಕಾರಡ್ಕದ ಒಬ್ಬ ನಿವೃತ್ತ ಡ್ರಿಲ್ ಮಾಸ್ಟ್ರು. ಆದಿತ್ಯವಾರ ಮಾತ್ರ ಸ್ಕೂಟರಿನಲ್ಲಿ ಬರುತ್ತಾರೆ. ನಾನು ಪೆರ್ಮುದೆ ದಾರಿಯಾಗಿ ಬಾಯಾರು ಎಂಬ ಊರಿನ ತನಕ ಓಡಿ ವಾಪಸಾಗುವಾಗ ಅವರು ಹಿಂದಿನಿಂದ ಬರುತ್ತ, ಐದೈದು ಕಿಲೋಮೀಟರಿಗೆ ಒಂದು ಬಾಟಲಿ ಕೊಡುತ್ತಾರೆ. ಉಳಿದ ಆರು ದಿನ ಬಾಟಲಿಗಳನ್ನು ನಾನೇ ಹಿಂದಿನ ಸಂಜೆ ಬಸ್ಸಿನಲ್ಲಿ ಹೋಗಿ ದಾರಿಯ ಕಟ್ಟೆಗಳ ಹಿಂದೆ ಅಡಗಿಸಿ ಬರಬೇಕು.

ಕಳೆದ ಫೆಬ್ರವರಿಯಲ್ಲಿ ಉತ್ತರದ ಒಂದು ನಗರದಲ್ಲಿ ಆಯ್ಕೆಯ ಓಟ ಇತ್ತು. ಏಷ್ಯಾ ಮಟ್ಟದ ಕೂಟಕ್ಕೆ ಹೆಂಗಸರಲ್ಲಿ ಮೊದಲ ಇಬ್ಬರು ಹೋಗುವುದು, ಮೂರನೆಯವಳು ರಿಸರ್ವ್. ಕೂಟ ನಡೆಯುವುದು ಸೆಪ್ಟೆಂಬರಿನಲ್ಲಿ, ನಮ್ಮಂಥದೇ ಸೆಕೆಯ ಒಂದು ಕಡಲತೀರದ ಊರಿನಲ್ಲಿ. ಇದು ಗೊತ್ತಾದ ದಿನವೇ ಮಾಸ್ಟ್ರು ಲೆಕ್ಕ ಹಾಕಿದ್ದರು.

"ನೋಡು ಮಾರಾಯ್ತಿ, ಚಿನ್ನ, ಬೆಳ್ಳಿ ನಮ್ಮದಲ್ಲ. ಅವನ್ನು ಗೆಲ್ಲುವ ಹೊರದೇಶದ ಇಬ್ಬರು ಬೇರೆಯೇ ಜಾತಿಯ ಕುದುರೆಗಳು. ಆದರೆ ಆ ಸೆಕೆಯಲ್ಲಿ ಉಳಿದವರೆಲ್ಲ ಮೂವತ್ತನೇ ಕಿಲೋಮೀಟರಿನ ನಂತರ ಕರಗಿ ಹೋಗ್ತಾರೆ. ಕಂಚು ಬರುವುದು ಎರಡು ಗಂಟೆ ನಲವತ್ತು ನಿಮಿಷದ ಆಚೀಚೆಗೆ. ಬರೆದಿಡು. ನಿನಗೆ ಸೆಕೆ ಎಂತ ಹೊಸತಾ?"

"ಮೊದಲು ಆಯ್ಕೆ ಆಗ್ಬೇಕಲ್ಲ ಸರ್."

"ಅದೇ ಹೇಳಿದ್ದು. ಚಳಿಯಲ್ಲಿ ಆರಿಸಿ ಸೆಕೆಗೆ ಕಳಿಸ್ತಾರೆ. ಇಡ್ಲಿ ಬೇಯಿಸ್ಲಿಕ್ಕೆ ಐಸ್ ಪೆಟ್ಟಿಗೆ ತಂದ ಹಾಗೆ."

ನಾವು ಚಳಿಗೆ ತಯಾರಾಗಿಯೇ ಹೋದೆವು. ಕೈಗವಸು, ತೋಳಿಗೆ ಚೀಲ, ಕಿವಿಗೆ ಪಟ್ಟಿ, ಎಲ್ಲ ಇತ್ತು. ಹಿಂದಿನ ಸಂಜೆ ಉಳಿದುಕೊಂಡಿದ್ದ ಕೋಣೆಯಲ್ಲಿ ಸಣ್ಣ ಕರೆಂಟ್ ಕುಕ್ಕರಿನಲ್ಲಿ ಗಂಜಿ ಬೇಯಿಸಿ, ತೆಳಿಯನ್ನು ಎಂಟು ಬಾಟಲಿಗಳಿಗೆ ತುಂಬಿಸಿದೆ. ದೊಡ್ಡ ಓಟಗಳಲ್ಲಿ ಪ್ರತಿಯೊಬ್ಬರೂ ಅವರವರ ಬಾಟಲಿಗಳಿಗೆ ಗುರುತು ಹಾಕಿ ಮೊದಲೇ ಒಪ್ಪಿಸಬೇಕು. ಓಟ ನಡೆಸುವವರು ಐದೈದು ಕಿಲೋಮೀಟರಿಗೆ ಹಾಕಿದ ಮೇಜಿನ ಮೇಲೆ ಅವನ್ನು ಇಡುತ್ತಾರೆ. ನನ್ನ ಗುರುತು ಹಳದಿ ರಬ್ಬರ್ ಬ್ಯಾಂಡ್. ಒಪ್ಪಿಸುವಾಗ ತೆಳಿ ಇನ್ನೂ ಬೆಚ್ಚಗಿತ್ತು, ನೀರಿನ ಹಾಗೆ ತೆಳ್ಳಗಿತ್ತು. ಬೆಳಗ್ಗಿನ ಚಳಿ ಆರು ಡಿಗ್ರಿ.

ಐದರ ಮೇಜಿನಲ್ಲಿ ಬಾಟಲಿ ಎತ್ತಿ ಒಂದು ಗುಟುಕು ಎಳೆದೆ. ಹೆಚ್ಚು ಬರಲಿಲ್ಲ. ಬಾಯಾರಿಕೆ ಇರಲಿಲ್ಲವಾದ್ದರಿಂದ ಗಮನ ಕೊಡಲಿಲ್ಲ. ಹತ್ತರಲ್ಲಿ ಒತ್ತಿದಾಗ ಲೋಳೆಯಂಥ ಒಂದು ಉಂಡೆ ನಾಲಗೆಗೆ ಬಂತು. ಹದಿನೈದರಲ್ಲಿ ಏನೂ ಬರಲಿಲ್ಲ. ಮುಚ್ಚಳ ಕೆಟ್ಟಿದೆ ಎಂದುಕೊಂಡೆ. ಇಪ್ಪತ್ತರ ಬಾಟಲಿಯೂ ಹಾಗೇ ಆದಾಗ ತಿಳಿಯಿತು, ಇನ್ನುಳಿದ ನಾಲ್ಕೂ ಹೀಗೇ ಇರುತ್ತವೆ ಎಂದು. ಅಲ್ಲಿಂದ ಎಲ್ಲರಿಗೂ ಇಟ್ಟಿದ್ದ ನೀರನ್ನು ಕುಡಿದೆ. ಮಂಜಿನಂಥ ನೀರು. ಹೊಟ್ಟೆಗೆ ಇಳಿದದ್ದು ಇಳಿದಲ್ಲೇ ನಿಂತಿತು.

ಆಗ ನಾವು ಎರಡನೆಯ ಜಾಗಕ್ಕೆ ಇಬ್ಬರಿದ್ದೆವು. ಮೊದಲನೆಯವಳು ಕಣ್ಣಿಗೆ ಕಾಣದಷ್ಟು ಮುಂದೆ. ನನ್ನ ಪಕ್ಕದಲ್ಲಿ ಓಡುತ್ತಿದ್ದವಳು ಬೆಟ್ಟದ ರಾಜ್ಯದಿಂದ ಬಂದ, ನನಗಿಂತ ಮೂರು ವರ್ಷ ಚಿಕ್ಕ ಹುಡುಗಿ. ಅವಳ ಬಾಟಲಿಗೆ ಕೆಂಪು ಉಣ್ಣೆಯ ದಾರದ ಗುರುತು. ಮೂವತ್ತೈದರ ಮೇಜಿನಲ್ಲಿ ಒಮ್ಮೆ ನೋಡುವ ಎಂದು ನಾನು ನನ್ನ ಬಾಟಲಿ ಎತ್ತಿ, ಕುಲುಕಿ, ಒತ್ತಿ, ಎಸೆದದ್ದನ್ನು ಅವಳು ನೋಡಿದಳು. ತನ್ನದರಿಂದ ಅರ್ಧ ಕುಡಿದು, ನನ್ನ ಕೈಗೆ ಕೊಟ್ಟಳು. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ತಂಡದ ಒಂದೇ ಜಾಗಕ್ಕೆ ಓಡುತ್ತಿರುವಾಗ ಯಾರೂ ಹಾಗೆ ಮಾಡುವುದಿಲ್ಲ. ಕುಡಿದೆ. ನಲವತ್ತರ ತನಕ ಅವಳ ಭುಜಕ್ಕೆ ಭುಜ ಇಟ್ಟು ಓಡಿದೆ. ಆಮೇಲೆ ಅವಳು ಹೋದಳು. ಅವಳು ಎರಡು ಗಂಟೆ ನಲವತ್ತೊಂದು ನಿಮಿಷಕ್ಕೆ ಮುಟ್ಟಿದಳು, ನಾನು ಅವಳ ಹಿಂದೆ ಹತ್ತೊಂಬತ್ತು ಸೆಕೆಂಡಿಗೆ.

ನಾನು ಎತ್ತದೆ ಬಿಟ್ಟು, ಮೇಜಿನಿಂದ ಟೆಂಟಿಗೆ ವಾಪಸು ಬಂದಿದ್ದ ಒಂದು ಬಾಟಲಿಯ ಮುಚ್ಚಳ ತೆಗೆದು ತಲೆಕೆಳಗೆ ಮಾಡಿದೆ. ಬೀಳಲಿಲ್ಲ. ಆ ಹುಡುಗಿ ಬಂದು ಬಗ್ಗಿ ನೋಡಿ, ಬೆರಳು ಹಾಕಿ ನೆಕ್ಕಿ, "ದೀದಿ, ಇದು ಮಿಠಾಯಿಯಾ?" ಎಂದು ಕೇಳಿದಳು. ನನ್ನದು ಶಾಲೆಯ ಹಿಂದಿ. ಅಕ್ಕಿ, ನೀರು ಎಂದೆ. ಅವಳು ನಕ್ಕಳು. ನನಗೂ ನಗು ಬಂತು. ಮಾಸ್ಟ್ರು ಮಾತ್ರ ನಗದೆ ಬಾಟಲಿಯನ್ನು ಮತ್ತೆ ಮತ್ತೆ ತಲೆಕೆಳಗೆ ಮಾಡಿ ನೋಡಿದರು.

ಊರಿಗೆ ಬಂದಾಗ ಸೀತಾಂಗೋಳಿಯ ಆಟೋಸ್ಟ್ಯಾಂಡಿನಲ್ಲಿ ನನ್ನ ಫ್ಲೆಕ್ಸ್ ತಯಾರಾಗಿತ್ತು. ಯುವಕ ಸಂಘದವರು ಓಟದ ಮೊದಲೇ ಅಚ್ಚು ಹಾಕಿಸಿದ್ದರು. ಕನ್ನಡದಲ್ಲೂ ಮಲಯಾಳದಲ್ಲೂ ಅಭಿನಂದನೆ, ನಡುವೆ ನನ್ನ ಮುಖ.

"ರಿಸರ್ವ್ ಅಂದ್ರೆ ಸೀಟ್ ಸಿಕ್ಕಿದ ಹಾಗೆ ಅಲ್ವಾ? ಕಟ್ಟುವ ಮಾರಾಯ," ಎಂದ ಒಬ್ಬ ಡ್ರೈವರ್.

"ಅದು ರೈಲಲ್ಲಿ. ಇವಳದ್ದು ವೈಟಿಂಗ್ ಲಿಸ್ಟ್," ಎಂದ ಇನ್ನೊಬ್ಬ. ಆಮೇಲೆ ನನ್ನನ್ನು ಕಂಡು, "ಬೇಜಾರು ಮಾಡ್ಬೇಡಿ ಟೀಚರೇ," ಎಂದು ತಲೆ ಕೆರೆದುಕೊಂಡ.

ಫ್ಲೆಕ್ಸ್ ಕಟ್ಟಲಿಲ್ಲ. ಮಳೆ ಶುರುವಾದಾಗ ಸೋರದ ಹಾಗೆ ಸ್ಟ್ಯಾಂಡಿನ ಮಾಡಿಗೆ ಹಾಸಿದರು. ಅಕ್ಷರ ಮೇಲೆ, ಬಿಳಿ ಬದಿ ಕೆಳಗೆ. ಬೆಳಿಗ್ಗೆ ಅದರ ಕೆಳಗಿನಿಂದಲೇ ನಾನು ಓಡಲು ಹೊರಡುವುದು. ಮೇಲಿನಿಂದ ಬೆಳಕು ಬಿದ್ದರೆ ಮುಖ ಉಲ್ಟಾ ಕಾಣುತ್ತದೆ.

ರಿಸರ್ವ್ ಆಗಿರುವುದು ಏನೆಂದು ಯಾರಿಗೂ ವಿವರಿಸಲು ಆಗಲಿಲ್ಲ. ತಂಡದಲ್ಲಿದ್ದವರು ಓಡುವಷ್ಟೇ ಓಡಬೇಕು, ಅವರ ಹಾಗೆಯೇ ಊಟ, ಅವರ ಹಾಗೆಯೇ ವಿಶ್ರಾಂತಿ, ಆದರೆ ಶಿಬಿರಕ್ಕೆ ಕರೆಯುವುದಿಲ್ಲ. ಓಡುವುದು ಒಂದು ದಿನಕ್ಕಾಗಿ, ಆ ದಿನ ಬರಬೇಕಾದರೆ ಬೇರೊಬ್ಬಳಿಗೆ ಏನಾದರೂ ಆಗಬೇಕು. ಮಾರ್ಚಿನಿಂದ ಆಗಸ್ಟಿನ ತನಕ ಹೀಗೇ ಕಳೆಯಿತು. ಕೇಳುವವರು ಮೊದಲು ಕಡಿಮೆಯಾದರು, ಆಮೇಲೆ ಕೇಳುವುದನ್ನೇ ನಿಲ್ಲಿಸಿದರು. ಸ್ಟಾಫ್ ರೂಮಿನಲ್ಲಿ ಓಣಂ ಹಬ್ಬದೂಟದ ಮಾತು, ವರ್ಗಾವಣೆಯ ಮಾತು. ಅಮ್ಮನಿಗೂ ನನಗೂ ಓಟದ ಬಗ್ಗೆ ಉಳಿದದ್ದು ಒಂದೇ ಪ್ರಶ್ನೆ, ನಾಳೆಗೆ ತೆಳಿ ಎಷ್ಟು ಬೇಕು ಎಂದು.

ಆಗಸ್ಟಿನಲ್ಲಿ, ಹೆಸರು ಬದಲಾಯಿಸಲು ಕೊನೆಯ ದಿನವಾದ ಶುಕ್ರವಾರಕ್ಕೆ ಎಂಟು ದಿನ ಇರುವಾಗ, ಸಂಜೆ ಆ ಬೆಟ್ಟದ ಹುಡುಗಿಯ ಫೋನ್ ಬಂತು. ಅವಳ ಮಾತನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ.

"ದೀದಿ, ನಮ್ಮನ್ನು ಸೆಕೆಗೆ ರೂಢಿ ಮಾಡಿಸಲು ಸಮುದ್ರದ ಬದಿಗೆ ತಂದಿದ್ದಾರೆ. ಮೊನ್ನೆ ಓಡಿಸಿದಾಗ ನಾನು ಇಪ್ಪತ್ತೈದರಲ್ಲಿ ಬಿದ್ದೆ. ಬರುವ ಮಂಗಳವಾರ ಮತ್ತೆ ಓಡಿಸ್ತಾರೆ. ಅವತ್ತೂ ಬಿದ್ದರೆ ನನ್ನ ಹೆಸರು ತೆಗೀತಾರಂತೆ."

ಅವಳ ಹೆಸರು ತೆಗೆದರೆ ಹಾಕುವುದು ನನ್ನದನ್ನೇ. ಅದು ಅವಳಿಗೂ ಗೊತ್ತಿತ್ತು.

"ಬೇರೆ ಯಾರನ್ನು ಕೇಳಲಿ?" ಎಂದಳು. "ಇಂಥ ಸೆಕೆಯಲ್ಲಿ ದಿನಾ ಓಡುವವರು ನನಗೆ ನೀವೊಬ್ಬರೇ ಗೊತ್ತು. ಹೇಗೆ ಓಡ್ತೀರಿ? ಏನು ಕುಡೀತೀರಿ?"

ಹೊರಗೆ ಮಳೆ ನಿಂತು ಸೆಕೆ ಏಳುತ್ತಿತ್ತು. ಒಳಗೆ ಅಮ್ಮ ಮರುದಿನದ ಗಂಜಿಗೆ ಅಕ್ಕಿ ತೊಳೆಯುತ್ತಿದ್ದಳು. ಆ ಸದ್ದು ಫೋನಿನಲ್ಲಿ ಅವಳಿಗೂ ಕೇಳಿರಬೇಕು. ನನಗೆ ಮೂವತ್ತೈದರ ಮೇಜಿನ ನೆನಪು ಬಂತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವಾಗಿ ಬಂದದ್ದು ಬೇರೆ: ಆರು ತಿಂಗಳಲ್ಲಿ ಓಟದ ಬಗ್ಗೆ ಯಾರಾದರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು ಎಂದು. ಹೇಳಲು ಶುರುಮಾಡಿದೆ. ಮೊದಲ ಹತ್ತು ಕಿಲೋಮೀಟರನ್ನು ನಾಚಿಕೆಯಾಗುವಷ್ಟು ನಿಧಾನ ಓಡಬೇಕು. ಬಾಯಾರಿಕೆಯಾಗುವ ಮೊದಲೇ ಕುಡಿಯಬೇಕು. ಗಂಜಿಗೆ ನೀರು ಎಷ್ಟು, ಬೇಯುವ ಹೊತ್ತು ಎಷ್ಟು, ಉಪ್ಪು ಎಷ್ಟು. ಮುಕ್ಕಾಲು ಗಂಟೆ ಮಾತಾಡಿದೆ. ಮರುದಿನ ಎರಡು ಕಿಲೋ ಕುಚ್ಚಲಕ್ಕಿಯನ್ನು ಬಟ್ಟೆಯಲ್ಲಿ ಹೊಲಿದು ಸ್ಪೀಡ್ ಪೋಸ್ಟ್ ಮಾಡಿದೆ.

ಆದಿತ್ಯವಾರ ಮಾಸ್ಟ್ರು ಬಂದಾಗ ಹೇಳಿದೆ. ಅವರು ಸ್ಕೂಟರ್ ಆಫ್ ಮಾಡಿದರು.

"ಉಪ್ಪು ಎಷ್ಟು ಹೇಳಿದ್ದು ನೀನು?"

"ಸರಿಯಾದ್ದೇ ಹೇಳಿದ್ದು ಸರ್."

"ಹಾಗಾದ್ರೆ ಆಯ್ತು," ಎಂದರು. ಸ್ಕೂಟರನ್ನು ಮತ್ತೆ ಸ್ಟಾರ್ಟ್ ಮಾಡುತ್ತ, "ಅವಳು ಓಡ್ತಾಳೆ ಇನ್ನು," ಎಂದರು. ಬಾಯಾರಿನಿಂದ ವಾಪಸು ಬರುವಾಗ ಬಾಟಲಿ ಕೊಡುತ್ತ, "ನಿನ್ನ ಜಾಗದಲ್ಲಿ ನಾನಾದ್ರೂ ಹೇಳ್ತಿದ್ದೆ ಕಾಣ್ತದೆ. ಗೊತ್ತಿಲ್ಲ," ಎಂದರು.

ಮಂಗಳವಾರ ಅವಳು ಬೀಳಲಿಲ್ಲ. ಶುಕ್ರವಾರ ಯಾವ ಹೆಸರೂ ಬದಲಾಗಲಿಲ್ಲ. ಆ ದಿನದಿಂದ ನಾನು ರಿಸರ್ವ್ ಕೂಡ ಅಲ್ಲ. ಶನಿವಾರ ಬೆಳಿಗ್ಗೆ ಎಂದಿನಂತೆ ಎದ್ದು, ಶೂ ಕಟ್ಟಿಕೊಂಡು, ಯಾತಕ್ಕೆ ಎಂದು ತಿಳಿಯದೆ ಮೆಟ್ಟಿಲಲ್ಲಿ ಕೂತಿದ್ದೆ. ಕೊನೆಗೆ ಎಂಟು ಕಿಲೋಮೀಟರ್ ಓಡಿದೆ. ಆ ದಿನದ ಸಾಲಿನಲ್ಲಿ ದೂರ ಮಾತ್ರ ಬರೆದಿದ್ದೇನೆ.

ಸೆಪ್ಟೆಂಬರಿನ ಓಟವನ್ನು ಮೊಬೈಲಿನಲ್ಲಿ ನೋಡಿದೆ. ಅಮ್ಮ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು, "ಇಷ್ಟೂ ಹೊತ್ತು ಇದೇ ಉಂಟಾ?" ಎಂದು ಎದ್ದುಹೋದಳು. ಮಾಸ್ಟ್ರು ಹೇಳಿದ ಹಾಗೆಯೇ ಆಯಿತು: ಮೊದಲ ಇಬ್ಬರು ಬೇರೆಯೇ, ಉಳಿದವರು ಮೂವತ್ತರ ನಂತರ ಒಬ್ಬೊಬ್ಬರಾಗಿ ನಡೆಯತೊಡಗಿದರು. ನಮ್ಮವರಲ್ಲಿ ಮೊದಲನೆಯವಳು ನಿಂತುಬಿಟ್ಟಳು. ಬೆಟ್ಟದ ಹುಡುಗಿ ನಿಲ್ಲಲಿಲ್ಲ. ಮೂವತ್ತೈದರ ಮೇಜಿನಲ್ಲಿ ಅವಳು ಕೆಂಪು ದಾರದ ಬಾಟಲಿಯನ್ನು ಎತ್ತಿದ್ದು ತೆರೆಯ ಮೇಲೆ ಎರಡು ಕ್ಷಣ ಕಂಡಿತು. ತಲೆ ಹಿಂದಕ್ಕೆ ಹಾಕಿ ಒತ್ತಿದಳು. ಬಿಳಿಯ ನೀರು ಧಾರೆಯಾಗಿ ಬಂತು. ಓಟದ ವಿವರಣೆ ಹೇಳುತ್ತಿದ್ದವರು ಆ ಹೊತ್ತಿಗೆ ಅವಳ ಬೂಟಿನ ಬಗ್ಗೆ ಮಾತಾಡುತ್ತಿದ್ದರು. ನಾಲ್ಕನೆಯವಳಾಗಿ ಮುಟ್ಟಿದಳು. ಕಂಚು ಹೋದದ್ದು ಎರಡು ಗಂಟೆ ನಲವತ್ತೊಂದು ನಿಮಿಷಕ್ಕೆ.

ಆ ಹೊತ್ತು ನನ್ನಿಂದ ಆಗುತ್ತಿತ್ತೋ ಎಂದು ನೋಡಲು ನನ್ನ ಹಳೆಯ ಲೆಕ್ಕಗಳನ್ನು ತೆಗೆಯಲಿಲ್ಲ. ತೆಗೆದರೆ ಉತ್ತರ ಸಿಗುತ್ತದೆ. ಬೇಡ. ಸಂಜೆ ಅವಳ ಸಂದೇಶ ಬಂತು: "ದೀದಿ, ಕೊನೆಯ ತನಕ ತೆಳ್ಳಗೇ ಇತ್ತು." ಅದನ್ನು ತೋರಿಸಲು ಯಾರೂ ಇರಲಿಲ್ಲ. ಮಾಸ್ಟ್ರಿಗೆ ಆದಿತ್ಯವಾರ ತೋರಿಸಿದೆ.

ಬರುವ ಫೆಬ್ರವರಿಯಲ್ಲಿ ಮತ್ತೆ ಆಯ್ಕೆ. ಅದೇ ಊರು, ಅದೇ ಚಳಿ. ಅದಕ್ಕೇ ಈ ಫ್ರಿಜ್ಜಿನ ಕೆಲಸ. ಮಾಸ್ಟ್ರು ಬಾಟಲಿಗೆ ಉಣ್ಣೆಯ ಕಾಲುಚೀಲ ತೊಡಿಸಿ ನೋಡಿದರು. ಗಟ್ಟಿಯಾಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ.

ಈಗ ಹನ್ನೊಂದೂಕಾಲು. ಬಾಟಲಿಗಳನ್ನು ತೆಗೆದು ನೋಡಿದೆ. ಒಂದನೆಯದು, ಎಂದಿನ ತೆಳಿ, ತಲೆಕೆಳಗೆ ಮಾಡಿದರೂ ಬೀಳಲಿಲ್ಲ. ಎರಡನೆಯದು, ಅರ್ಧಕ್ಕರ್ಧ ನೀರು ಬೆರೆಸಿದ್ದು, ಉಂಡೆ ಉಂಡೆಯಾಗಿ ಬಿತ್ತು. ಮೂರನೆಯದು, ಮೂರು ಸಲ ಬಟ್ಟೆಯಲ್ಲಿ ಸೋಸಿದ್ದು, ಸಲೀಸಾಗಿ ಸುರಿಯಿತು. ಆದರೆ ಮೊನ್ನೆ ಅದನ್ನೇ ಕುಡಿದು ಓಡಿದಾಗ ಮೂವತ್ತರಲ್ಲಿ ಕಾಲಿನ ಶಕ್ತಿ ಖಾಲಿಯಾಗಿತ್ತು. ಅಮ್ಮ ಬಂಗುಡೆಯನ್ನು ಒಳಗಿಟ್ಟಳು.

ನಮ್ಮ ಕಡೆಯವರು ಚಳಿಯ ಊರುಗಳಲ್ಲಿ ಬಹಳ ಮಂದಿ ಇದ್ದೀರಿ. ಸೈನ್ಯದಲ್ಲಿದ್ದವರು, ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಹೋದವರು. ಗಂಜಿ ಬಿಟ್ಟಿರಲಾರಿರಿ ಎಂಬುದು ಗೊತ್ತು. ಆರು ಡಿಗ್ರಿಯಲ್ಲಿ ನಾಲ್ಕು ಗಂಟೆ ಹೊರಗಿಟ್ಟರೂ ತೆಳಿ ಹರಿಯುವ ಹಾಗೆ ಮಾಡಲು ಯಾರಿಗಾದರೂ ಬರುತ್ತದಾದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಯಾವ ಅಕ್ಕಿ, ಎಷ್ಟು ಬೇಯಿಸಬೇಕು, ಏನು ಬೆರೆಸಬೇಕು, ನೀವೇ ಮಾಡಿ ನೋಡಿದ್ದೋ ಕೇಳಿದ್ದೋ, ಅದನ್ನೂ ತಿಳಿಸಿ. ಜನವರಿ ಮುಗಿಯುವುದರೊಳಗೆ ಬಂದರೆ ಒಳ್ಳೆಯದು. ಬೆಟ್ಟದ ಹುಡುಗಿಯೂ ಕೇಳಿದ್ದಾಳೆ. ಗೊತ್ತಾದದ್ದನ್ನು ಅವಳಿಗೂ ಹೇಳುತ್ತೇನೆ.